ಹಲಸಿನ ಹಣ್ಣು ಬಿದ್ದ ವ್ಯಾಗನ್ ಆರ್‌ನ ಎಕ್ಸ್‌ಚೇಂಜ್‌ಗೆ ಕೊಟ್ಟ ಕಥೆ

2025ರ ಡಿಸೆಂಬರ್ 15, ಸೋಮವಾರ, ಹೊಸ ಕಾರು ಮನೆಗೆ ಬಂತು. ಯಾವ ಕಾರು ಯಾವ ಶೋರೂಂ ಅಂತ ಬರೆಯಲ್ಲ, ಬರೆದ್ರೆ ಮಾತೆಲ್ಲ ಮೈಲೇಜ್ ಎಷ್ಟು, ಅದಕ್ಕಿಂತ ಇದು ವಾಸಿ ಅನ್ನೋ ಕಡೆ ಹೋಗಿಬಿಡುತ್ತೆ. ನಾಲ್ಕು ಮೀಟರ್ ಒಳಗಿನ ಪೆಟ್ರೋಲ್ ಗಾಡಿ, ತುಮಕೂರಿನ ಶೋರೂಂ, ಅಷ್ಟು ಸಾಕು. ಹಳೇದು 2014ರ ವ್ಯಾಗನ್ ಆರ್, 78 ಸಾವಿರ ಕಿಲೋಮೀಟರ್ ಓಡಿತ್ತು, ಸಿಂಗಲ್ ಓನರ್, ಅದನ್ನ ಎಕ್ಸ್‌ಚೇಂಜ್‌ಗೆ ಕೊಟ್ಟೆ. ಮೊದಲನೇ ದಿನ ಶೋರೂಂ ಹುಡುಗ "ನಿಮ್ಮ ಕೈಯಿಂದ ಹೋಗೋದು ಇಷ್ಟೇ ಸಾರ್" ಅಂತ ಬರ್ಕೊಟ್ಟಿದ್ದು 8,56,613 ರೂಪಾಯಿ. ಕೊನೆಗೆ ನಾನು ಕೊಟ್ಟಿದ್ದು 7,72,823. ಅದೇ ಕಾರು, ಅದೇ ಬಣ್ಣ, ಅದೇ ವೇರಿಯಂಟ್. ಈ 83,790 ಎಲ್ಲೆಲ್ಲಿ ಅಡಗಿ ಕೂತಿತ್ತು ಅನ್ನೋದನ್ನ ನೆನಪಿರುವಾಗಲೇ ಬರೆದಿಡೋಣ ಅಂತ ಕೂತೆ.

ಇದೆಲ್ಲ ಶುರುವಾಗಿದ್ದು ಸೆಪ್ಟೆಂಬರಲ್ಲಿ. 22ನೇ ತಾರೀಕಿಂದ ಚಿಕ್ಕ ಕಾರುಗಳ ಜಿಎಸ್‌ಟಿ ಇಳೀತಲ್ಲ, ಮೊದಲು 28% ಜಿಎಸ್‌ಟಿ ಮೇಲೆ 1% ಸೆಸ್ ಇತ್ತು, ಅದು ನೇರ 18ಕ್ಕೆ ಬಂತು, ಮನೇಲಿ ಎಲ್ರೂ "ಈಗಲ್ದೆ ಇನ್ಯಾವಾಗ" ಅಂದ್ರು. ಆದ್ರೆ ದಸರಾ ದೀಪಾವಳಿ ಟೈಮಲ್ಲಿ ಶೋರೂಂಗೆ ಹೋದ್ರೆ ಕೂರೋಕೆ ಕುರ್ಚಿ ಸಿಗ್ತಿರ್ಲಿಲ್ಲ, ಅವಾಗ ಚೌಕಾಸಿ ಮಾಡೋಕೆ ಹೋದ್ರೆ ನಮ್ಮನ್ನೇ ಒಂಥರಾ ನೋಡ್ತಾರೆ. ಹಬ್ಬ ಮುಗಿದು ಜನ ಕರಗ್ಲಿ ಅಂತ ಸುಮ್ನಿದ್ದು ನವೆಂಬರ್ 29ಕ್ಕೆ ಹೋದ್ವಿ. ನಾನು, ನನ್ನ ಹೆಂಡತಿ, ಅಮ್ಮ.

ಅಮ್ಮನ್ನ ಕರ್ಕೊಂಡು ಹೋಗಿದ್ದು ತಪ್ಪು ಅಂತ ಹೇಳಲ್ಲ, ಆದ್ರೆ ದಾರೀಲೇ ಒಂದ್ ಮಾತು ಹೇಳ್ಬೇಕಿತ್ತು. ಕಾಫಿ ಕೊಟ್ರು, ಸೇಲ್ಸ್ ಹುಡುಗ ಬಂದು ಕೂತ, ಇಪ್ಪತ್ತನಾಲ್ಕು ಇಪ್ಪತ್ತೈದು ವಯಸ್ಸು ಇರಬೇಕು, ಒಳ್ಳೆ ಮಾತುಗಾರ, "ಯಾವಾಗ ತಗೊಳ್ಳೋ ಪ್ಲಾನ್ ಸಾರ್" ಅಂತ ಕೇಳ್ದ. ನಾನು "ನೋಡೋಣಪ್ಪ, ಅರ್ಜೆಂಟ್ ಏನಿಲ್ಲ, ಯುಗಾದಿ ಆದ್ರೂ ಆಯ್ತು" ಅಂತ ಮನೇಲಿ ಪ್ರಾಕ್ಟೀಸ್ ಮಾಡ್ಕೊಂಡು ಬಂದಿದ್ದ ಡೈಲಾಗ್ ಹೇಳೋಕೆ ಬಾಯಿ ತೆಗೆಯೋ ಹೊತ್ತಿಗೆ ಅಮ್ಮ, "ಅಯ್ಯೋ 16ಕ್ಕೆ ಧನುರ್ಮಾಸ ಕೂತ್ಕೊಳ್ಳುತ್ತೆ ಕಣಪ್ಪ, ಅಷ್ಟ್ರೊಳಗೆ ಗಾಡಿ ಮನೆ ಮುಂದೆ ಇರ್ಬೇಕು, ಆಮೇಲೆ ಸಂಕ್ರಾಂತಿ ತನಕ ನಾವು ಏನೂ ತಗೊಳ್ಳಲ್ಲ" ಅಂದ್ಬಿಟ್ರು. ಹುಡುಗ ಪೆನ್ ತಗೊಂಡು ಡೈರೀಲಿ ಏನೋ ಬರ್ಕೊಂಡ. ಹೆಂಡತಿ ನನ್ನ ಮುಖ ನೋಡಿದ್ಲು. ನಮ್ಮ ಹತ್ರ ಇದ್ದ ಗುಟ್ಟು ಅದೊಂದೇ, ಅದೂ ಕಾಫಿ ಕುಡಿಯೋ ಮುಂಚೆ ಹೋಯ್ತು.

ಕೊಟೇಶನ್ ಬಂತು. ಎಕ್ಸ್ ಶೋರೂಂ 8,45,000. ರೋಡ್ ಟ್ಯಾಕ್ಸ್ 1,31,313. ಟ್ಯಾಕ್ಸ್ ವಿಷಯದಲ್ಲಿ ಯಾರ ಜೊತೆನೂ ಜಗಳ ಆಡೋಕಾಗಲ್ಲ, ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಗಾಡಿಗೆ 14% ಲೈಫ್ ಟ್ಯಾಕ್ಸ್, ಆ ಟ್ಯಾಕ್ಸ್ ಮೇಲೆ 11% ಸೆಸ್, ಒಟ್ಟು 15.54% ಬೀಳುತ್ತೆ, ಕ್ಯಾಲ್ಕುಲೇಟರಲ್ಲಿ ಒತ್ತಿದ್ರೆ ಪೈಸೆ ಸಮೇತ ಸರಿಯಾಗಿ ಬರುತ್ತೆ. (ಗಾಡಿ 10 ಲಕ್ಷ ದಾಟಿದ್ರೆ 14 ಹೋಗಿ 17 ಆಗುತ್ತೆ, ಅದಕ್ಕೇ ನಮ್ಮಲ್ಲಿ ಜನ ಒಂಬತ್ತು ಮುಕ್ಕಾಲು ಲಕ್ಷದ ವೇರಿಯಂಟ್ ಹತ್ರ ನಿಂತ್ಕೊಂಡು ತಲೆ ಕೆರ್ಕೊಳ್ಳೋದು.) ಅದರ ಕೆಳಗಿಂದ ಶುರುವಾಗುತ್ತೆ ಮಜಾ. ಇನ್ಶೂರೆನ್ಸ್ 48,200. ಎಸೆನ್ಶಿಯಲ್ ಕಿಟ್ 18,900. ಎಕ್ಸ್‌ಟೆಂಡೆಡ್ ವಾರಂಟಿ 14,600. ಹ್ಯಾಂಡ್ಲಿಂಗ್ ಚಾರ್ಜಸ್ 9,500. ರಿಜಿಸ್ಟ್ರೇಷನ್ ಇತರೆ 3,500. ಫಾಸ್ಟ್ಯಾಗ್ 600. ಒಟ್ಟು ಆನ್ ರೋಡ್ 10,71,613. ಅದ್ರಲ್ಲಿ ಡಿಸ್ಕೌಂಟ್ 25,000 ಕಳೀರಿ, ಹಳೆ ಗಾಡಿಗೆ "1,90,000 ಕೊಡ್ತಿದೀವಿ ಸಾರ್" ಅಂತ ಅದನ್ನೂ ಕಳೀರಿ, ಮೇಲೆ ಹೇಳಿದ್ನಲ್ಲ ಆ 8,56,613.

ಆ 1,90,000 ಹೇಗೆ ಬಂತು ಅನ್ನೋದು ಬೇರೆ ಕಥೆ. ಎವ್ಯಾಲ್ಯುಯೇಟರ್ ಅಂತ ಹಳೆ ಗಾಡಿಗೆ ಬೆಲೆ ಕಟ್ಟೋರು ಒಬ್ರನ್ನ ಕರೆಸಿದ್ರು. ಕೆಲಸ ಗೊತ್ತಿದ್ದವ್ರು, ಸುಳ್ಳು ಹೇಳಬಾರ್ದು. ಕೈಯಲ್ಲಿ ಬಣ್ಣದ ದಪ್ಪ ಅಳೆಯೋ ಮಶೀನು, ಒಂದೊಂದೇ ಪ್ಯಾನಲ್‌ಗೆ ಅದನ್ನ ಒತ್ತಿ ನಂಬರ್ ನೋಡ್ಕೊಂಡು ಹೋದ್ರು, ಮತ್ತೆ ಪೇಂಟ್ ಆಗಿದ್ರೆ ನಂಬರ್ ಜಾಸ್ತಿ ತೋರಿಸುತ್ತಂತೆ. ಡೋರ್ ತೆಗೆದು ರಬ್ಬರ್ ಬೀಡಿಂಗ್ ಕಿತ್ತು ಪಿಲ್ಲರಿನ ವೆಲ್ಡಿಂಗ್ ಚುಕ್ಕಿ ನೋಡಿದ್ರು, ಕಂಪನಿ ವೆಲ್ಡಿಂಗ್ ಆದ್ರೆ ಒಂದೇ ಸಮ ಇರುತ್ತಂತೆ, ಟಿಂಕರಿಂಗ್ ಆಗಿದ್ರೆ ವ್ಯತ್ಯಾಸ ಕಾಣುತ್ತಂತೆ. ಬಾನೆಟ್ ಬೋಲ್ಟಿಗೆ ಸ್ಪ್ಯಾನರ್ ಬಿದ್ದಿದ್ಯಾ ಅಂತ ಉಗುರಲ್ಲಿ ಕೆರೆದು ನೋಡಿದ್ರು. ಇಂಜಿನ್ ಸ್ಟಾರ್ಟ್ ಮಾಡಿಸಿ ಆಯಿಲ್ ಹಾಕೋ ಮುಚ್ಚಳ ತೆಗೆದು ಹೊಗೆ ಬರುತ್ತಾ ಅಂತ ಬಗ್ಗಿ ನೋಡಿದ್ರು. ಎಲ್ಲ ಸರಿ ಇತ್ತು. ನನಗೆ ಒಳಗೊಳಗೇ ಖುಷಿ, ಮಗನ ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡ್ತಿರೋ ಥರ ನಿಂತಿದ್ದೆ. ಆಮೇಲೆ ಅವ್ರು ಮಶೀನ್ ತಗೊಂಡು ರೂಫ್ ಮೇಲೆ ಇಟ್ರು. ಒಂದ್ ಸಲ ಇಟ್ರು, ಪಕ್ಕಕ್ಕೆ ಸರಿಸಿ ಇನ್ನೊಂದ್ ಸಲ ಇಟ್ರು. ನನ್ನ ಕಡೆ ತಿರುಗಿ ಮೆತ್ತಗೆ,

"ಗಾಡಿ ಪಲ್ಟಿ ಆಗಿತ್ತಾ ಸಾರ್?"

"ಇಲ್ಲ ಸಾರ್, ಹಲಸಿನ ಹಣ್ಣು ಬಿದ್ದಿದ್ದು."

ಅವ್ರು ನಗಲಿಲ್ಲ. ನಿಜ ಹೇಳ್ತೀನಿ, ಅದು ಹಲಸಿನ ಹಣ್ಣೇ. ಹೆಂಡತಿ ತವರು ಚೇಳೂರು ಕಡೆ, ಗುಬ್ಬಿ ತಾಲ್ಲೂಕು, ಹಲಸು ಗೊತ್ತಿರೋವ್ರಿಗೆ ಊರಿನ ಹೆಸರು ಹೇಳಿದ್ರೆ ಸಾಕು, ಸಿದ್ದು ಹಲಸು ಅಂತ ಕೆಂಪು ತೊಳೆ ತಳಿ ಇದೆಯಲ್ಲ ಅದೂ ಅಲ್ಲಿಯದೇ. ನಾಲ್ಕು ವರ್ಷದ ಹಿಂದೆ ಜೂನ್ ತಿಂಗಳು, ಮಾವನ ತೋಟದಲ್ಲಿ ನೆರಳು ಅಂತ ಮರದ ಕೆಳಗೆ ನಿಲ್ಸಿದ್ದೆ, ರಾತ್ರಿ ಧಡ್ ಅಂತ ಸದ್ದು, ಬೆಳಿಗ್ಗೆ ನೋಡಿದ್ರೆ ರೂಫ್ ಮೇಲೆ ಅಗಲವಾದ ಗುಳಿ, ಗಾಡಿ ಪಕ್ಕ ನೆಲದಲ್ಲಿ ಹಣ್ಣು ಬಿಚ್ಕೊಂಡು ಬಿದ್ದಿದೆ, ಸುತ್ತ ನೊಣ. ಮಾವ ಮೊದಲು ಹಣ್ಣಿನ ಬಗ್ಗೆ ಬೇಜಾರು ಮಾಡ್ಕೊಂಡ್ರು, ಆಮೇಲೆ ಗಾಡಿ ಬಗ್ಗೆ. ತುಮಕೂರಲ್ಲಿ ಗ್ಯಾರೇಜಿಗೆ ಬಿಟ್ಟು ಗುಳಿ ತೆಗೆಸಿ ಪೇಂಟ್ ಮಾಡಿಸಿದ್ದೆ, ಕ್ಲೇಮ್ ಮಾಡಿದ್ರೆ ಎನ್‌ಸಿಬಿ (ಕ್ಲೇಮ್ ಮಾಡದೇ ಇದ್ದವ್ರಿಗೆ ಇನ್ಶೂರೆನ್ಸಲ್ಲಿ ಸಿಗೋ ರಿಯಾಯಿತಿ) ಹೋಗುತ್ತೆ ಅಂತ ಕೈಯಿಂದಲೇ ದುಡ್ಡು ಕೊಟ್ಟಿದ್ದೆ.

ಎವ್ಯಾಲ್ಯುಯೇಟರ್ ಟ್ಯಾಬಲ್ಲಿ ರೂಫ್ ಅಂತ ಒತ್ತಿದ್ರು, ಕೆಳಗೆ ಕಾರಣ ಕೇಳೋ ಪಟ್ಟಿ ಬಂತು, ಸ್ವಲ್ಪ ಹೊತ್ತು ಹುಡುಕಿದ್ರು. ಅದ್ರಲ್ಲಿ ಹಲಸಿನ ಹಣ್ಣು ಅನ್ನೋ ಆಪ್ಷನ್ ಇರ್ಲಿಲ್ಲ. "ಮೇಜರ್ ರಿಪೇರಿ ಅಂತ ಹಾಕಿರ್ತೀನಿ ಸಾರ್" ಅಂದ್ರು. 1,65,000 ಅಂತ ಬರೆದ್ರು. ಕಾರಣ ಕೇಳಿದ್ರೆ, ಗಾಡಿಗೆ ಹನ್ನೊಂದು ವರ್ಷ, 2029ಕ್ಕೆ ಹದಿನೈದು ತುಂಬಿ ಆರ್‌ಸಿ ರಿನ್ಯೂವಲ್‌ಗೆ ಬರುತ್ತೆ, ಹೊಸ ಗಾಡಿ ಬೆಲೆನೇ ಜಿಎಸ್‌ಟಿಯಿಂದ ಇಳಿದಿರುವಾಗ ಹಳೇದನ್ನ ಯಾರು ಕೇಳ್ತಾರೆ, ಜೊತೆಗೆ ರೂಫ್. ಅವ್ರ ಮಾತಲ್ಲಿ ಸುಳ್ಳು ಇರ್ಲಿಲ್ಲ, ಆದ್ರೆ ಪೂರ್ತಿ ನಿಜನೂ ಅಲ್ಲ. ಹೊಸ ಗಾಡಿ ಬೆಲೆ ಇಳಿದ್ರೆ ಹಳೇದು ಇಳಿಯೋದು ಸಹಜ, ಆದ್ರೆ ಎರಡು ಲಕ್ಷದ ವ್ಯಾಗನ್ ಆರ್ ತಗೊಳ್ಳೋನು ಎಂಟೂವರೆ ಲಕ್ಷದ ಹೊಸ ಗಾಡಿ ಕಡೆ ತಿರುಗಿ ನೋಡಲ್ಲ, ಅವ್ನು ಬೈಕಿಂದ ಕಾರಿಗೆ ಬರ್ತಿರೋನು.

ಇಲ್ಲೊಂದು ವಿಷಯ, ನನಗೂ ಅವತ್ತು ಗೊತ್ತಿರ್ಲಿಲ್ಲ. 1,90,000 ಅಂದ್ರಲ್ಲ, ಅದ್ರಲ್ಲಿ ನನ್ನ ಗಾಡಿ ಬೆಲೆ 1,65,000 ಅಷ್ಟೇ. ಉಳಿದ 25,000 ಎಕ್ಸ್‌ಚೇಂಜ್ ಬೋನಸ್, ಅದು ಕಾರ್ ಕಂಪನಿ ಕೊಡೋ ದುಡ್ಡು, ಡೀಲರ್ ಜೇಬಿಂದ ಬರೋದಲ್ಲ. ಹಳೆ ಗಾಡಿ ಕೊಟ್ಟು ಹೊಸದು ತಗೊಂಡ್ರೆ ಆ ತಿಂಗಳ ಸ್ಕೀಮ್ ಪ್ರಕಾರ ಅದು ಬಂದೇ ಬರುತ್ತೆ. ಕೆಲವು ಕಡೆ ನೀವು ಹಳೆ ಗಾಡಿ ಹೊರಗಡೆ ಮಾರಿ ಆರ್‌ಸಿ ವರ್ಗಾವಣೆ ಆದ ಕಾಪಿ ತಂದುಕೊಟ್ರೂ ಬೋನಸ್ ಕೊಡ್ತಾರೆ. ಆದ್ರೆ ಶೋರೂಂನವ್ರು ಎರಡನ್ನೂ ಕಲಸಿ "ನಿಮ್ಮ ಗಾಡಿಗೆ 1,90,000" ಅಂದ್ರೆ ನಮಗೆ ಪರ್ವಾಗಿಲ್ವೇ ಅನ್ಸುತ್ತೆ.

ಮನೆಗೆ ಬಂದ ಮೇಲೆ ಒಂದು ವಾರ ಇದೇ ಕೆಲಸ. ಮೊಬೈಲ್ ಆಪ್‌ನ ಕಂಪನಿಯೊಂದು ಫೋನಲ್ಲಿ 2,35,000 ತನಕ ಅಂತು, ಮನೆಗೆ ಬಂದು ಗಾಡಿ ನೋಡಿ ರೂಫ್ ಮುಟ್ಟಿ 1,98,000ಕ್ಕೆ ಇಳೀತು, ಅದೂ "ಈ ರೇಟ್ ಇವತ್ತು ರಾತ್ರಿ ತನಕ ಅಷ್ಟೇ" ಅಂತ ಗಡುವು ಬೇರೆ. ಬಿ.ಎಚ್. ರಸ್ತೇಲಿ ಗೊತ್ತಿರೋ ಬ್ರೋಕರ್ ಒಬ್ರು ಗಾಡಿ ಸುತ್ತ ಒಂದು ರೌಂಡ್ ಹಾಕಿ, ಟೈರ್‌ಗೆ ಕಾಲಲ್ಲಿ ಒದ್ದು, "2,10,000, ಇವತ್ತೇ ದುಡ್ಡು" ಅಂದ್ರು. ಅವ್ರಿಗೂ ರೂಫ್ ವಿಷಯ ಹೇಳ್ದೆ. "ಚೇಳೂರಾ? ಹೂಂ, ಬೀಳುತ್ತೆ" ಅಂದ್ರು, ಅಷ್ಟೇ. ಬೆಂಗಳೂರಿನ ಎರಡು ಡೀಲರ್‌ಗಳಿಗೂ ಫೋನ್ ಮಾಡಿ ವಾಟ್ಸಾಪಲ್ಲಿ ಕೊಟೇಶನ್ ತರಿಸ್ಕೊಂಡೆ, ನಮ್ಮ ವಿಳಾಸ ತುಮಕೂರಾದ್ರೆ ಅಲ್ಲಿ ತಗೊಂಡ್ರೂ ಕೆಎ 06ಕ್ಕೇ ರಿಜಿಸ್ಟ್ರೇಷನ್ ಮಾಡಿಸ್ಬಹುದು, ಟ್ಯಾಕ್ಸ್ ರಾಜ್ಯ ಪೂರ್ತಿ ಒಂದೇ. ಎಪ್ಪತ್ತು ಕಿಲೋಮೀಟರ್ ದೂರದಲ್ಲಿ ಅಷ್ಟೊಂದು ಶೋರೂಂ ಇರೋದು ತುಮಕೂರಿನವ್ರಿಗೆ ಇರೋ ಒಂದೇ ಅಸ್ತ್ರ, ಉಪಯೋಗಿಸ್ಕೊಳ್ಬೇಕು. ಅದ್ರಲ್ಲೊಬ್ರು ಎಕ್ಸ್‌ಚೇಂಜ್ ಇಲ್ದೆ 40,000 ಡಿಸ್ಕೌಂಟ್, ಹ್ಯಾಂಡ್ಲಿಂಗ್ ಚಾರ್ಜ್ ಇಲ್ಲ ಅಂತ ಬರ್ದು ಕಳ್ಸಿದ್ರು.

ಡಿಸೆಂಬರ್ 6ಕ್ಕೆ ಎರಡನೇ ಸಲ. ಈ ಸಲ ಅಮ್ಮ ಮನೇಲಿ. ಬೆಂಗಳೂರಿನ ಕೊಟೇಶನ್ ತೋರಿಸ್ದೆ, ಹುಡುಗ ಒಳಗೆ ಹೋಗಿ ಮ್ಯಾನೇಜರ್‌ನ ಕರ್ಕೊಂಡು ಬಂದ. ಮೊದಲು ನಾನು ಕೇಳಿದ್ದು, ಹಳೆ ಗಾಡಿ ಕೊಡಲ್ಲ ಅಂದ್ಕೊಳ್ಳಿ, ಹೊಸ ಗಾಡಿಗೆ ಎಷ್ಟು ಬಿಡ್ತೀರಾ. ಸ್ವಲ್ಪ ಎಳೆದಾಡಿ 40,000ಕ್ಕೆ ಒಪ್ಪಿದ್ರು. ಸರಿ, ಈಗ ಹಳೆ ಗಾಡಿ ನೋಡಿ ಅಂದೆ. ಮ್ಯಾನೇಜರ್ ಕ್ಯಾಲ್ಕುಲೇಟರ್ ಟಕಟಕ ಅಂತ ಒತ್ತಿ, ಎದ್ದು ನಿಂತು ನನ್ನ ಕೈ ಕುಲುಕಿ, "ಸಾರ್, ನಿಮ್ಗೋಸ್ಕರ, 2,15,000!" ಅಂದ್ರು. ಒಂದು ವಾರದಲ್ಲಿ 25,000 ಜಾಸ್ತಿ! ಆ ಖುಷೀಲಿ ನಾನು ಬುಕಿಂಗ್ ಅಮೌಂಟ್ ಕೊಡೋಕೆ ಫೋನ್ ತೆಗೆದೆ.

ನನ್ನ ಹೆಂಡತಿ ಆ ಹೊಸ ಕೊಟೇಶನ್ ಕೈಗೆ ತಗೊಂಡು ಬ್ರೋಷರ್ ಹಿಂದೆ ಪೆನ್ನಲ್ಲಿ ಎರಡು ಸಾಲು ಬರೆದ್ಲು. ಅವ್ಳು ಸೊಸೈಟಿ ಬ್ಯಾಂಕಲ್ಲಿ ಕೆಲಸ ಮಾಡೋದು, ನನ್ನ ಥರ ಕೈ ಕುಲುಕಿದ ತಕ್ಷಣ ಕರಗೋ ಜಾತಿ ಅಲ್ಲ. "ರೀ, ಡಿಸ್ಕೌಂಟ್ ಎಲ್ರೀ?" ಅಂದ್ಲು. ನೋಡಿದ್ರೆ ಡಿಸ್ಕೌಂಟ್ ಅನ್ನೋ ಜಾಗದಲ್ಲಿ 5,000 ಅಂತ ಇದೆ. ಅರ್ಧ ಗಂಟೆ ಹಿಂದೆ 40,000 ಇದ್ದದ್ದು. 2,15,000ದಲ್ಲಿ ಕಂಪನಿ ಬೋನಸ್ 25,000 ಸೇರಿದೆ. ಅವ್ಳು ಬರ್ದಿದ್ದು ಇಷ್ಟೇ: ಹೊಸ ಗಾಡಿಗೆ 40,000 ಬಿಡಿಸ್ಕೊಂಡು ಹಳೇದನ್ನ ಬ್ರೋಕರ್‌ಗೆ 2,10,000ಕ್ಕೆ ಕೊಟ್ರೆ 2,50,000. ಇವ್ರು ಹೇಳ್ತಿರೋದು 5,000 ಮತ್ತೆ 2,15,000, ಅಂದ್ರೆ 2,20,000. ಕೈ ಕುಲುಕಿಸ್ಕೊಂಡು ನಾನು 30,000 ಕಳ್ಕೊಳ್ತಿದ್ದೆ.

ಮ್ಯಾನೇಜರ್‌ಗೆ ಮುಖ ಸಪ್ಪೆ ಆಗ್ಲಿಲ್ಲ, ಅದನ್ನ ಮೆಚ್ಕೊಬೇಕು, "ಮೇಡಂ, ಎಕ್ಸ್‌ಚೇಂಜ್ ಕೇಸಲ್ಲಿ ಕ್ಯಾಶ್ ಡಿಸ್ಕೌಂಟ್ ಬರಲ್ಲ, ಸಿಸ್ಟಮ್ಮೇ ತಗೊಳ್ಳಲ್ಲ" ಅಂದ್ರು. ಹೆಂಡತಿ, "ಹೋದ ವಾರ ಎಕ್ಸ್‌ಚೇಂಜ್ ಜೊತೆಗೇ 25,000 ಬರ್ಕೊಟ್ಟಿದ್ರಲ್ಲ ಸಾರ್, ಅವಾಗ ಸಿಸ್ಟಮ್ ತಗೊಂಡಿತ್ತಾ" ಅಂತ ಹಳೆ ಕೊಟೇಶನ್ ಟೇಬಲ್ ಮೇಲಿಟ್ಲು. ಅವತ್ತು ಅಲ್ಲಿಗೇ ಎದ್ದು ಬಂದ್ವಿ. ಪಾರ್ಕಿಂಗಲ್ಲಿ ಅವ್ಳು ಹೇಳಿದ್ದು ನನಗೆ ಇವತ್ತಿಗೂ ಇಡೀ ವ್ಯವಹಾರದ ಸಾರ ಅನ್ಸುತ್ತೆ, "ಈ ಜೇಬಿಂದ ಆ ಜೇಬಿಗೆ ಹಾಕ್ತಾರೆ ಅಷ್ಟೇ ಕಣ್ರೀ, ಪ್ಯಾಂಟು ಅವ್ರದ್ದೇ." ಹೊಸ ಗಾಡಿ ಬೆಲೆ ಒಂದು ಹಾಳೆ, ಹಳೆ ಗಾಡಿ ಬೆಲೆ ಇನ್ನೊಂದು ಹಾಳೆ, ಕಂಪನಿ ಬೋನಸ್ ಮೂರನೇದು, ಈ ಮೂರನ್ನ ಒಂದೇ ಸಂಖ್ಯೆ ಮಾಡಿ ಹೇಳಿದ ತಕ್ಷಣ ಎಲ್ಲೋ ಒಂದ್ಕಡೆ ನಮ್ಮದು ಹೋಗಿರುತ್ತೆ.

ಇನ್ನು ಇನ್ಶೂರೆನ್ಸು. ಇದ್ರಲ್ಲಿ ನಮ್ಮ ಜನ ಎಷ್ಟು ಕಳ್ಕೊಳ್ತಾರೋ ದೇವರೇ ಬಲ್ಲ. ಹೊಸ ಕಾರಿಗೆ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವ್ರಿಗೆ ಆಗೋ ನಷ್ಟಕ್ಕೆ) ಮೂರು ವರ್ಷದ್ದು ಒಟ್ಟಿಗೇ ಕಟ್ಟಬೇಕು, ಅದರ ರೇಟ್ ಸರ್ಕಾರ ಫಿಕ್ಸ್ ಮಾಡಿರೋದು, 1000ದಿಂದ 1500 ಸಿಸಿ ಗಾಡಿಗೆ 10,640, ಯಾವ ಕಂಪನಿಗೆ ಹೋದ್ರೂ ಅಷ್ಟೇ. ಅದು ಬಿಟ್ಟು ನಮ್ಮ ಗಾಡಿಗೆ ನಾವು ಮಾಡಿಸೋ ಓನ್ ಡ್ಯಾಮೇಜ್ ಇದೆಯಲ್ಲ, ಆಟ ಎಲ್ಲ ಅದ್ರಲ್ಲೇ. ವ್ಯಾಗನ್ ಆರ್‌ಗೆ ನಾನು ಐದು ವರ್ಷಕ್ಕಿಂತ ಜಾಸ್ತಿ ಒಂದೂ ಕ್ಲೇಮ್ ಮಾಡಿರ್ಲಿಲ್ಲ (ಹಲಸಿನ ಹಣ್ಣಿಗೂ!), ಅಂದ್ರೆ ಎನ್‌ಸಿಬಿ 50%. ಈ ಎನ್‌ಸಿಬಿ ಗಾಡೀದಲ್ಲ, ನನ್ನದು. ಹಳೆ ಗಾಡಿ ಕೊಟ್ಟಿದ್ದಕ್ಕೆ ಕಾಗದ ತೋರಿಸಿ ಹಳೆ ಇನ್ಶೂರೆನ್ಸ್ ಕಂಪನಿಯಿಂದ ಲೆಟರ್ ತಗೊಂಡ್ರೆ ಹೊಸ ಗಾಡಿಗೆ ಅದನ್ನ ಹಾಕಿಸ್ಬಹುದು, ಲೆಟರ್ ಮೂರು ವರ್ಷ ನಡೆಯುತ್ತೆ. ಶೋರೂಂನವ್ರು ಇದನ್ನ ಬಾಯಿ ಬಿಡಲಿಲ್ಲ, ನಾನೇ ಕೇಳಿದ್ಮೇಲೆ "ಹೌದಾ ಸಾರ್, ಎನ್‌ಸಿಬಿ ಇದ್ಯಾ, ಮೊದ್ಲೇ ಹೇಳ್ಬೇಕಿತ್ತು" ಅಂದ್ರು. ಹೇಳ್ಬೇಕಾಗಿದ್ದು ಯಾರು! ಅವ್ರ ಲೆಕ್ಕದಲ್ಲಿ ಓನ್ ಡ್ಯಾಮೇಜ್ 21,000 ಇತ್ತು, ಅರ್ಧ ಕಡಿಮೆ ಆದ್ರೆ 10,500, ಅದ್ರ ಮೇಲಿನ ಜಿಎಸ್‌ಟಿನೂ ಸೇರಿ 12,390 ಉಳೀತು, 48,200 ಇದ್ದದ್ದು 35,810ಕ್ಕೆ ಬಂತು. ಹೊರಗಡೆ ಇನ್ನೂ ಎರಡು ಸಾವಿರ ಕಡಿಮೆಗೆ ಸಿಗ್ತಿತ್ತು. "ಹೊರಗೆ ಮಾಡಿಸಿದ್ರೆ ಕ್ಯಾಶ್‌ಲೆಸ್ ಬರಲ್ಲ ಸಾರ್" ಅಂತ ಹೆದರಿಸೋದು ಎಲ್ಲ ಕಡೆ ಇರೋದೇ, ಆ ಇನ್ಶೂರೆನ್ಸ್ ಕಂಪನಿಯ ಗ್ಯಾರೇಜ್ ಪಟ್ಟೀಲಿ ನಿಮ್ಮ ಸರ್ವಿಸ್ ಸೆಂಟರ್ ಇದ್ರೆ ಕ್ಯಾಶ್‌ಲೆಸ್ ಬರುತ್ತೆ, ಪಟ್ಟಿ ಆನ್‌ಲೈನಲ್ಲೇ ಇರುತ್ತೆ. ಆದ್ರೂ ಆ ಎರಡು ಸಾವಿರ ನಾನು ಬಿಟ್ಟೆ, ಪೂರ್ತಿ ಎಳೆದ್ರೆ ಹಗ್ಗ ಹರಿಯುತ್ತೆ, ಅವ್ರಿಗೂ ಏನಾದ್ರೂ ಸಿಗ್ಲಿ.

ಎಸೆನ್ಶಿಯಲ್ ಕಿಟ್ ಅಂದ್ರೆ ಮ್ಯಾಟ್, ಮಡ್ ಫ್ಲಾಪ್, ಸೀಟ್ ಕವರ್, ಡೋರಿಗೊಂದು ಪ್ಲಾಸ್ಟಿಕ್ ಪಟ್ಟಿ, ಒಂದು ದೇವರ ಮೂರ್ತಿ, ಒಂದು ಪರ್ಫ್ಯೂಮ್. 18,900! ತೆಗೀರಿ ಅಂದ್ರೆ ತೆಗೆದ್ರು. ಹ್ಯಾಂಡ್ಲಿಂಗ್ ಚಾರ್ಜ್ ಅನ್ನೋದಕ್ಕೆ ನಾನು ಒಂದೇ ಪ್ರಶ್ನೆ ಕೇಳಿದ್ದು, "ಇದಕ್ಕೆ ಬಿಲ್ ಕೊಡ್ತೀರಾ, ಏನಕ್ಕೆ ಅಂತ ಬರೆದು?" ಮ್ಯಾನೇಜರ್ ಹುಡುಗನ ಕಡೆ ನೋಡಿದ್ರು, ಹುಡುಗ ಕಂಪ್ಯೂಟರ್ ಕಡೆ ನೋಡ್ದ, ಆ ಸಾಲು ಹೋಯ್ತು. ಲೋನ್ ಅವ್ರ ಕಡೆಯಿಂದ ತಗೊಳ್ಳಿ ಅಂತ ಒತ್ತಾಯ ಇತ್ತು, ನನ್ನ ಸಂಬಳದ ಅಕೌಂಟ್ ಇರೋ ಬ್ಯಾಂಕಲ್ಲೇ ಬಡ್ಡಿ ಕಡಿಮೆ ಸಿಕ್ತು, ಆ ಮಾತು ಅಲ್ಲಿಗೇ ಮುಗೀತು.

ಮೂರನೇ ಸಲ, ಡಿಸೆಂಬರ್ 8, ಸೋಮವಾರ ಸಂಜೆ. ಶೋರೂಂ ಖಾಲಿ. ನಾನು ಒಬ್ನೇ ಗಿರಾಕಿ ಅಂದ್ರೆ ನಂಬಿ. ಅವತ್ತು ನನಗೆ ಹೊಳೆದಿದ್ದು, ಅಮ್ಮ ಧನುರ್ಮಾಸದ ಗುಟ್ಟು ಬಿಟ್ಕೊಟ್ರು ಅಂತ ನಾನು ಇಷ್ಟು ದಿನ ಒದ್ದಾಡಿದ್ನಲ್ಲ, 16ನೇ ತಾರೀಕು ನಮಗೊಬ್ರಿಗೇ ಇರೋದಾ? ನಮ್ಮೂರಲ್ಲಿ ಆವತ್ತಿಂದ ಸಂಕ್ರಾಂತಿ ತನಕ ಶೋರೂಂಗೆ ಬರೋರೇ ಕಡಿಮೆ, ಇತ್ತ ಡಿಸೆಂಬರ್ 31 ದಾಟಿದ್ರೆ ಯಾರ್ಡಲ್ಲಿ ಇರೋ 2025ರ ಗಾಡಿ ಎಲ್ಲ ಹೋದ ವರ್ಷದ ಗಾಡಿ ಆಗುತ್ತೆ. ಅವ್ರ ಹತ್ರ ಇದ್ದದ್ದು ಬರೀ ಒಂದು ವಾರ. ಅಮ್ಮ ಹೇಳಿದ ತಾರೀಕು ಅವ್ರ ಕುತ್ತಿಗೆಗೂ ಕೂತಿತ್ತು.

ಫೋನಲ್ಲಿದ್ದ ಒಂದು ಹಳೆ ಫೋಟೋನ ಮ್ಯಾನೇಜರ್ ಮುಂದೆ ಇಟ್ಟೆ. ಹೆಂಡತಿ ತಮ್ಮ ನಾಲ್ಕು ವರ್ಷದ ಹಿಂದೆ ನಗಾಡೋಕೆ ಅಂತ ತೆಗೆದಿದ್ದು, ಫ್ಯಾಮಿಲಿ ಗ್ರೂಪಲ್ಲಿ ಹುಡುಕಿ ತೆಗೆಯೋಕೆ ಎರಡು ರಾತ್ರಿ ಹಿಡೀತು: ರೂಫ್ ಮೇಲೆ ಗುಳಿ, ಗಾಡಿ ಪಕ್ಕ ಒಡೆದ ಹಲಸು, ಅದರ ಪಕ್ಕ ಸೊಂಟದ ಮೇಲೆ ಕೈಯಿಟ್ಕೊಂಡು ನಮ್ಮ ಮಾವ. ಪಿಲ್ಲರ್ ಗ್ಲಾಸ್ ಎಲ್ಲ ನೆಟ್ಟಗಿರೋದು ಕಾಣುತ್ತೆ. ಮ್ಯಾನೇಜರ್ ಅದನ್ನ ದೊಡ್ಡದು ಮಾಡಿ ನೋಡಿ ಮೊದಲ ಸಲ ನಿಜವಾಗ್ಲೂ ನಕ್ರು. ಎವ್ಯಾಲ್ಯುಯೇಟರ್‌ನ ಕರೆದು ತೋರಿಸಿದ್ರು. ಅವ್ರೂ ನೋಡಿ, "ಸಾರ್ ಅವತ್ತೇ ತೋರಿಸಿದ್ರೆ ಆಗ್ತಿತ್ತಲ್ಲ" ಅಂದ್ರು. 1,65,000 ಇದ್ದದ್ದು 1,80,000 ಆಯ್ತು. ಅಂದ್ರೆ ಆ ಹಣ್ಣಿಗೆ ಅವ್ರು ಕಟ್ಟಿದ್ದ ಬೆಲೆ 15,000. ಆಮೇಲೆ ಬ್ರೋಕರ್ ಹೇಳಿದ 2,10,000 ಮುಂದಿಟ್ಟು ಕೂತೆ. ಕೊನೆಗೆ 1,95,000 ಗಾಡಿಗೆ, 25,000 ಕಂಪನಿ ಬೋನಸ್, ಬೇರೆ ಬೇರೆ ಸಾಲಲ್ಲಿ ಬರೆದು. ಡಿಸ್ಕೌಂಟ್ 38,000, ಮ್ಯಾಟ್ ಮಡ್ ಫ್ಲಾಪ್ ಫ್ರೀ. ಎಕ್ಸ್‌ಟೆಂಡೆಡ್ ವಾರಂಟಿ ನಾನೇ ಬೇಕು ಅಂತ ಇಟ್ಕೊಂಡೆ. ಈ ಸಲ ಕೈ ಕುಲುಕೋಕೆ ಮುಂಚೆ ಕೊಟೇಶನ್ ಫೋಟೋ ತೆಗೆದು ಹೆಂಡತಿಗೆ ಕಳ್ಸಿ, ಅವ್ಳ ಕಡೆಯಿಂದ "ಹ್ಞೂಂ" ಅಂತ ಬಂದ ಮೇಲೆ ದುಡ್ಡು ಹಾಕ್ದೆ.

ಅಲ್ಲಿಗೆ ಮುಗೀತು ಅಂದ್ಕೊಂಡ್ರೆ 10ನೇ ತಾರೀಕು ಯಾರ್ಡಿಗೆ ಗಾಡಿ ನೋಡೋಕೆ ಹೋದೆ, ರಿಜಿಸ್ಟ್ರೇಷನ್ ಆಗೋಕೆ ಮುಂಚೆನೇ ಹೋಗ್ಬೇಕು, ಆದ್ಮೇಲೆ ನೋಡಿ ಪ್ರಯೋಜನ ಇಲ್ಲ. ಮೇಲೆ ಧೂಳು, ವೈಪರ್‌ಗೆ ಒಣಗಿದ ಎಲೆ ಸಿಕ್ಕಿಕೊಂಡಿತ್ತು. ಟೈರ್ ನೋಡಿದ್ರೆ ನಾಲ್ಕಂಕಿ ನಂಬರ್ 0425. ಮೊದಲೆರಡು ಅಂಕಿ ಎಷ್ಟನೇ ವಾರ ಅಂತ, ಕೊನೆ ಎರಡು ಅಂಕಿ ಯಾವ ವರ್ಷ ಅಂತ, ಅಂದ್ರೆ ಜನವರಿ ಕೊನೇಲಿ ತಯಾರಾದ ಟೈರು. ಹುಡುಗನ್ನ ಕೇಳ್ದೆ, "ಟೈರ್ ಹಳೆ ಸ್ಟಾಕ್ ಇರುತ್ತೆ ಸಾರ್" ಅಂದ. ತಯಾರಾದ ತಿಂಗಳು ತೋರಿಸಪ್ಪ, ಮಾರಾಟದ ಸರ್ಟಿಫಿಕೇಟ್ ಫಾರ್ಮ್ 21ರಲ್ಲಿ ಬರೆಯೋದು ಇರುತ್ತಲ್ಲ ಅಂದೆ. ಫೆಬ್ರವರಿ. ಹತ್ತು ತಿಂಗಳು ಬಿಸಿಲು ಮಳೇಲಿ ನಿಂತ ಗಾಡೀನ ಹೊಸದರ ರೇಟಿಗೆ. ನಾನು ಏನೂ ಕೂಗಾಡ್ಲಿಲ್ಲ, ಬೇರೆ ಗಾಡಿ ಕೊಡಿ ಇಲ್ಲಾಂದ್ರೆ ಬುಕಿಂಗ್ ವಾಪಸ್ ಕೊಡಿ ಅಂದೆ, ಎರಡು ಗಂಟೆ ಫೋನಾಟ ಆದ್ಮೇಲೆ ಅಕ್ಟೋಬರಲ್ಲಿ ತಯಾರಾದ ಒಂದು ಸಿಕ್ತು. ಅದರ ಚಾಸಿ ನಂಬರ್‌ನ ಬುಕಿಂಗ್ ಫಾರ್ಮ್ ಮೇಲೆ ಬರೆಸಿ ಸೀಲ್ ಹಾಕಿಸ್ಕೊಂಡೇ ಬಂದೆ.

15ಕ್ಕೆ ಡೆಲಿವರಿ. ಸೋಮವಾರ ರಾಹುಕಾಲ ಏಳೂವರೆಯಿಂದ ಒಂಬತ್ತು, ಅದು ಮುಗಿದ ಮೇಲೆ ಹತ್ತೂವರೆಗೆ ಅಮ್ಮ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ರು. ಪಕ್ಕದಲ್ಲಿ ವ್ಯಾಗನ್ ಆರ್ ನಿಂತಿತ್ತು, ಅಮ್ಮ ಅದಕ್ಕೂ ಒಂದು ಊದುಬತ್ತಿ ಬೆಳಗಿದ್ರು. ನಾನು ಒಳಗೆ ಕೂತು ಸೈನ್ ಹಾಕ್ತಿದ್ದೆ. ಹಳೆ ಗಾಡಿ ವರ್ಗಾವಣೆಯ ಫಾರ್ಮ್ 29 ಎರಡು ಕಾಪಿ, ಫಾರ್ಮ್ 30, ಎಲ್ಲ ಖಾಲಿ, "ಸೈನ್ ಮಾಡಿ ಸಾರ್, ನಾವು ಫಿಲ್ ಮಾಡ್ಕೊಳ್ತೀವಿ." ಖಾಲಿ ಫಾರ್ಮ್‌ಗೆ ಸೈನ್ ಮಾಡಲ್ಲ ಅಂದೆ. ಅತಿ ಮಾಡ್ತಿದೀನಿ ಅಂತ ಹುಡುಗನ ಮುಖದಲ್ಲಿ ಕಾಣ್ತಿತ್ತು, ಆದ್ರೆ 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ, ಗಾಡಿ ಎಷ್ಟು ಕೈ ಬದಲಾಗಿದ್ರೂ ಆರ್‌ಸಿಲಿ ಯಾರ ಹೆಸರಿದೆಯೋ ಆಕ್ಸಿಡೆಂಟ್ ಪರಿಹಾರಕ್ಕೆ ಅವ್ರೇ ಜವಾಬ್ದಾರಿ ಅಂತ. ಹಳೆ ಗಾಡಿ ವ್ಯಾಪಾರ ಮಾಡೋ ಡೀಲರ್‌ಗಳು ಆರ್‌ಟಿಓದಲ್ಲಿ ನೋಂದಣಿ ಮಾಡ್ಕೊಂಡಿರ್ಬೇಕು, ಗಾಡಿ ಅವ್ರ ಕೈಗೆ ಹೋಗಿದ್ದನ್ನ ಆನ್‌ಲೈನಲ್ಲಿ ಫಾರ್ಮ್ 29ಸಿ ಮೂಲಕ ತಿಳಿಸ್ಬೇಕು ಅನ್ನೋ ರೂಲ್ 2023ರ ಏಪ್ರಿಲ್‌ನಿಂದ ಇದೆ. ಕೇಳಿದ್ರೆ "ಮಾಡ್ತೀವಿ ಸಾರ್, ಮಾಡ್ತೀವಿ." ಕೊನೆಗೆ ಲೆಟರ್‌ಹೆಡ್ ಮೇಲೆ ಗಾಡಿ ನಂಬರ್, ಚಾಸಿ ನಂಬರ್, ತಾರೀಕು, ಬೆಳಿಗ್ಗೆ 11.20 ಅಂತ ಟೈಮ್ ಸಮೇತ ಡೆಲಿವರಿ ನೋಟ್ ಬರೆಸ್ಕೊಂಡೆ. ಎಚ್‌ಎಸ್‌ಆರ್‌ಪಿ ಪ್ಲೇಟ್ ಮೊದಲೇ ಹಾಕಿಸಿದ್ದೆ, ಚಲನ್ ಬಾಕಿ ಆಗಸ್ಟ್ ಸೆಪ್ಟೆಂಬರಲ್ಲಿ ಅರ್ಧ ದಂಡ ಬಿಟ್ಟಿದ್ರಲ್ಲ ಅವಾಗ ಕಟ್ಟಿದ್ದೆ, ಹಾಗಾಗಿ ಆ ಹೆಸರಲ್ಲಿ ಕಡಿತ ಮಾಡೋಕೆ ಅವ್ರಿಗೇನೂ ಸಿಗಲಿಲ್ಲ.

ಇಷ್ಟೆಲ್ಲ ಬುದ್ಧಿವಂತಿಕೆ ಮಾಡಿದವ್ನು ಒಂದು ಮರೆತೆ. ಡಿಸೆಂಬರ್ 24, ಬೆಳಿಗ್ಗೆ ಆರೂವರೆಗೆ ಫೋನ್ ಟಿಂಗ್ ಅಂತು, ಫಾಸ್ಟ್ಯಾಗಲ್ಲಿ ಟೋಲ್ ಕಟ್ ಆಗಿದೆ, ಶಿರಾ ಕಡೆ. ಹೊಸ ಗಾಡಿ ಮನೆ ಮುಂದೆ ನಿಂತಿದೆ. ಅರ್ಧ ನಿದ್ದೇಲಿ ಯಾರೋ ನಂಬರ್ ಪ್ಲೇಟ್ ಕದ್ದು ಓಡಿಸ್ತಿದಾರೆ ಅಂದ್ಕೊಂಡು ಎದ್ದು ಕೂತೆ. ಆಮೇಲೆ ಗೊತ್ತಾಯ್ತು, ವ್ಯಾಗನ್ ಆರ್ ಗ್ಲಾಸ್ ಮೇಲೆ ಟ್ಯಾಗ್ ಹಂಗೇ ಬಿಟ್ಟಿದೀನಿ. ಬ್ಯಾಂಕಿಗೆ ಹೇಳಿ ಕ್ಲೋಸ್ ಮಾಡಿಸ್ದೆ. ಶೋರೂಂಗೆ ಫೋನ್ ಮಾಡಿದ್ರೆ, "ಸಬ್ ಡೀಲರ್ ತಗೊಂಡೋದ್ರು ಸಾರ್, ಹಿರಿಯೂರು ಕಡೆ ಪಾರ್ಟಿ ಇದ್ರಂತೆ."

ಅಲ್ಲಿಂದ ದಿನಾ ಬೆಳಿಗ್ಗೆ ಕಾಫಿ ಜೊತೆ ಪರಿವಾಹನ್ ಆಪ್ ತೆಗೆದು ಹಳೆ ನಂಬರ್ ಹಾಕಿ ನೋಡೋದು ಅಭ್ಯಾಸ ಆಗಿತ್ತು. ಸಂಕ್ರಾಂತಿ ಆಗಿ ನಾಲ್ಕನೇ ದಿನ ನನ್ನ ಹೆಸರು ಹೋಗಿ ಬೇರೆ ಬಂತು, ಓನರ್ ಸೀರಿಯಲ್ 2, ಹೆಸರಿನ ಜಾಗದಲ್ಲಿ ಒಂದೆರಡು ಅಕ್ಷರ ಬಿಟ್ರೆ ಉಳಿದಿದ್ದೆಲ್ಲ ಬರೀ ನಕ್ಷತ್ರ. ಅಷ್ಟೊತ್ತಿಗೆ ಹೆಂಡತಿ ಆನ್‌ಲೈನಲ್ಲಿ ಅದೇ ಗಾಡೀದು ಹಳೆ ಜಾಹೀರಾತು ಹುಡುಕಿದ್ಲು, 2,75,000 ಕೇಳಿದಾರೆ, "ನಾನ್ ಆಕ್ಸಿಡೆಂಟಲ್, ಡಾಕ್ಟರ್ ಓಡಿಸಿದ ಗಾಡಿ" ಅಂತ ಬೇರೆ. ನಾನು ಯಾವಾಗ ಡಾಕ್ಟರ್ ಆದ್ನೋ. ಹನ್ನೆರಡು ಫೋಟೋ ಇದೆ, ಎಲ್ಲ ಸೊಂಟದ ಎತ್ತರದಿಂದ ತೆಗೆದಿದ್ದು, ಒಂದ್ರಲ್ಲೂ ರೂಫ್ ಕಾಣಲ್ಲ. ತಗೊಂಡವ್ರು ಗಾಡಿ ತೊಳೆಯೋವಾಗ ಬಿಸಿಲು ಓರೆಯಾಗಿ ಬಿದ್ರೆ ಆ ಗುಳಿಯ ಅಂಚು ಇನ್ನೂ ಸಣ್ಣಗೆ ಕಾಣುತ್ತೆ. ಹಿರಿಯೂರಿನವ್ರಿಗೆ ಏನು ಅನ್ಸುತ್ತೋ ಗೊತ್ತಿಲ್ಲ, ಚೇಳೂರು ಕಡೆಯವ್ರಾದ್ರೆ ನೋಡಿದ ತಕ್ಷಣ ಹೇಳ್ತಾರೆ.